ಕಲೂಗಾದ ಶಾಲಾ ಮೇಷ್ಟ್ರು ತ್ಸಿಯೊಲ್ಕೋವ್‌ಸ್ಕಿ

ಶ್ರೀಹರಿಕೋಟೆಯಿಂದ ರಾಕೆಟ್ಟೊಂದು ಮೇಲೇರುವ ದೃಶ್ಯವನ್ನು ದೂರದರ್ಶನದಲ್ಲಿ ನೋಡುವಾಗ ನಮ್ಮ ಮನೆಗಳ ಮಕ್ಕಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅಷ್ಟು ಭಾರವಾದ ವಸ್ತು ಮೇಲಕ್ಕೆ ಹೋಗುವುದು ಹೇಗೆ? ಗಾಳಿಯೇ ಇಲ್ಲದ ಕಡೆ ಅದು ಯಾವುದನ್ನು ಒದ್ದು ಮುಂದೆ ಸಾಗುತ್ತದೆ? ಅರ್ಧ ದಾರಿಯಲ್ಲಿ ಅದರ ಕೆಳಭಾಗ ಕಳಚಿ ಬೀಳುವುದೇಕೆ? ಈ ಮೂರು ಪ್ರಶ್ನೆಗಳಿಗೂ ಸುಮಾರು ನೂರು ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ಉತ್ತರ ಬರೆದಿಟ್ಟವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ, ಸೇನೆಯ ಅಧಿಕಾರಿಯೂ ಆಗಿರಲಿಲ್ಲ. ರಷ್ಯಾದ ಸಣ್ಣ ಊರೊಂದರಲ್ಲಿ ಮಕ್ಕಳಿಗೆ ಲೆಕ್ಕ ಮತ್ತು ಭೌತಶಾಸ್ತ್ರ ಹೇಳಿಕೊಡುತ್ತಿದ್ದ, ಕಿವಿ ಸರಿಯಾಗಿ ಕೇಳಿಸದ ಶಾಲಾ ಉಪಾಧ್ಯಾಯರು ಅವರು. ಕಾಗದ, ಅಂಟು, ತಗಡು, ದಾರಗಳಿಂದ ಮಾದರಿಗಳನ್ನು ಮಾಡಿ ತೋರಿಸುತ್ತ ಕಲಿಸಿದವರು, ಹಾಗೆಯೇ ತಾವೂ ಕಲಿತವರು. ಕೊನ್‌ಸ್ತಾಂತಿನ್ ಎದುವಾರ್ದೊವಿಚ್ ತ್ಸಿಯೊಲ್ಕೋವ್‌ಸ್ಕಿ ಎಂಬ ಆ ಮಹನೀಯರ ಬಾಳಿನ ಕಥೆಯನ್ನು ಓದುಗರ ಮುಂದಿಡಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ.

ಮೌನದಲ್ಲಿ ಕಳೆದ ಬಾಲ್ಯ

ತ್ಸಿಯೊಲ್ಕೋವ್‌ಸ್ಕಿ ಜನಿಸಿದ್ದು 1857ರ ಸೆಪ್ಟೆಂಬರ್ 17ರಂದು, ರಿಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಎಂಬ ಗ್ರಾಮದಲ್ಲಿ. ತಂದೆ ಎದುವಾರ್ದ್ ಪೋಲೆಂಡ್ ಮೂಲದವರು, ಅರಣ್ಯ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ತಾಯಿ ಮರಿಯಾ ಇವಾನೊವ್ನಾ ಹಸನ್ಮುಖಿ, ಜಾಣೆ. ಮಗನಿಗೆ ಎಂಟು ವರ್ಷವಾಗಿದ್ದಾಗ ಆಕೆ ಒಂದು ಪುಟ್ಟ ಬಲೂನನ್ನು ಕೊಡಿಸಿದರು. ತೆಳುಪೊರೆಯ, ಜಲಜನಕ ತುಂಬಿದ ಆ ಆಟಿಕೆ ದಾರದ ತುದಿಯಲ್ಲಿ ತಾನಾಗಿ ಮೇಲೆ ನಿಂತಿದ್ದನ್ನು ಕಂಡ ಹುಡುಗ ಅದನ್ನು ಬಹುಕಾಲ ಮರೆಯಲಿಲ್ಲ. ಮುಂದೆ ಅವರ ಅರ್ಧ ಆಯುಷ್ಯವನ್ನು ನುಂಗಿದ ಲೋಹದ ಆಕಾಶನೌಕೆಯ ಕನಸಿಗೆ ಬೀಜ ಬಿದ್ದದ್ದು ಅಲ್ಲಿಯೇ ಇರಬೇಕೆಂದು ನಮಗೆ ತೋರುತ್ತದೆ.

ಹತ್ತರ ಹೊಸ್ತಿಲಲ್ಲಿ ಆಘಾತವೊಂದು ಬಂದೆರಗಿತು. ಸ್ಕಾರ್ಲೆಟ್ ಜ್ವರ ಹುಡುಗನ ಪ್ರಾಣವನ್ನು ಉಳಿಸಿತಾದರೂ ಕಿವಿಯ ಶಕ್ತಿಯನ್ನು ಬಹುತೇಕ ಕಸಿದುಕೊಂಡಿತು. ಓರಗೆಯವರ ಆಟ, ಹರಟೆ, ಜಗಳಗಳೆಲ್ಲ ಒಮ್ಮೆಲೇ ದೂರವಾದವು. ಕುಟುಂಬ ವ್ಯಾತ್ಕಾ ನಗರಕ್ಕೆ ಬಂದು ನೆಲೆಸಿದ ಮೇಲೆ, 1870ರಲ್ಲಿ, ತಾಯಿಯೂ ತೀರಿಕೊಂಡರು. ಶಾಲೆಯಲ್ಲಿ ಗುರುಗಳು ಹೇಳುವುದು ಕೇಳಿಸದು. ಕೇಳಿಸದವನು ದಡ್ಡನೆಂಬ ಹಣೆಪಟ್ಟಿ ಬೇರೆ. 1873ರಲ್ಲಿ ಶಾಲೆಯ ಬಾಗಿಲು ಶಾಶ್ವತವಾಗಿ ಮುಚ್ಚಿತು. ಆ ನಂತರ ಅವರು ಯಾವ ಶಾಲೆ ಕಾಲೇಜಿನಲ್ಲಿಯೂ ವಿದ್ಯಾರ್ಥಿಯಾಗಿ ಕುಳಿತವರಲ್ಲ.

ಮನೆಯಲ್ಲಿದ್ದ ತಂದೆಯ ಪುಸ್ತಕಗಳೇ ಗುರುಗಳಾದವು, ಕೈಗಳೇ ಕಿವಿಗಳಾದವು. ಕಾಗದದ ಮನೆಗಳು, ತೂಕದ ಕಲ್ಲಿನಿಂದ ನಡೆಯುವ ಗಡಿಯಾರ, ಗಾಳಿಯಿಂದ ತಿರುಗುವ ಚಕ್ರವುಳ್ಳ ಪುಟ್ಟ ಬಂಡಿ ಇವೆಲ್ಲ ಆ ದಿನಗಳ ಸೃಷ್ಟಿ. ಒಮ್ಮೆ ಪುಸ್ತಕದಲ್ಲಿ ಓದಿದ ಕೋನಮಾಪಕವನ್ನು ಮನೆಯಲ್ಲಿಯೇ ತಯಾರಿಸಿ, ಹೊಸಿಲು ದಾಟದೆ ಊರಿನ ಅಗ್ನಿಶಾಮಕ ಗೋಪುರ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿದರು. 400 ಅರ್ಶಿನ್ ಎಂದು ಉತ್ತರ ಬಂತು. ಅರ್ಶಿನ್ ಎಂದರೆ ಸುಮಾರು 71 ಸೆಂಟಿಮೀಟರಿನ ರಷ್ಯನ್ ಅಳತೆ. ಹೊರಗೆ ಹೋಗಿ ಅಳೆದು ನೋಡಿದರೆ ಲೆಕ್ಕ ಸರಿಯಾಗಿತ್ತು. ಹಾಳೆಯ ಮೇಲಿನ ಗಣಿತ ನೆಲದ ಮೇಲಿನ ನಿಜದೊಡನೆ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಅಂದು ಆ ಬಾಲಕನಲ್ಲಿ ಬೇರೂರಿತು. ಮನುಷ್ಯರಾರೂ ಹೋಗದ ಕಡೆಗೆ ಮುಂದೆ ಅವರು ಲೆಕ್ಕವನ್ನೇ ಏಣಿ ಮಾಡಿಕೊಂಡು ಹತ್ತಿದ್ದು ಈ ನಂಬಿಕೆಯ ಬಲದಿಂದಲೇ.

ಮಾಸ್ಕೋದ ಗ್ರಂಥಾಲಯ

ಮಗನ ಕೈಚಳಕವನ್ನು ಕಂಡ ತಂದೆ ಹದಿನಾರರ ಹರೆಯದಲ್ಲಿ ಅವರನ್ನು ಮಾಸ್ಕೋಗೆ ಕಳುಹಿಸಿದರು. 1873ರಿಂದ 1876ರವರೆಗಿನ ಆ ಮೂರು ವರ್ಷಗಳನ್ನು ತ್ಸಿಯೊಲ್ಕೋವ್‌ಸ್ಕಿ ಕಳೆದದ್ದು ಚೆರ್ಟ್‌ಕೋವ್ ಸಾರ್ವಜನಿಕ ಗ್ರಂಥಾಲಯದಲ್ಲಿ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರಗಳನ್ನು ಅವರು ಅಲ್ಲಿ ಒಬ್ಬರೇ ಕುಳಿತು ಓದಿ ಮುಗಿಸಿದರು. ಅಲ್ಲಿನ ಗ್ರಂಥಪಾಲಕ ನಿಕೊಲಾಯ್ ಫ್ಯೋದೊರೊವ್ ಸಾಮಾನ್ಯರಲ್ಲ; ಮನುಕುಲದ ಭವಿಷ್ಯವನ್ನು ಕುರಿತು ಆಳವಾಗಿ ಚಿಂತಿಸಿದ ತತ್ತ್ವಜ್ಞಾನಿ. ಬಡ ಹುಡುಗನಿಗೆ ಬೇಕಾದ ಪುಸ್ತಕಗಳನ್ನು ತಾವಾಗಿಯೇ ಎತ್ತಿ ಕೊಡುತ್ತಿದ್ದವರು ಅವರು.

ತಂದೆ ಕಳುಹಿಸುತ್ತಿದ್ದ ತಿಂಗಳಿಗೆ ಹತ್ತು ಹದಿನೈದು ರೂಬಲ್ ಹಣ ಪುಸ್ತಕ, ಪಾದರಸ, ಗಂಧಕಾಮ್ಲ, ಕೊಳವೆಗಳಿಗೆ ಖರ್ಚಾಗುತ್ತಿತ್ತು. ಆಹಾರವೆಂದರೆ ಕರಿ ರೊಟ್ಟಿ ಮತ್ತು ನೀರು. ಉಟ್ಟ ಬಟ್ಟೆಯ ಮೇಲೆ ಆಮ್ಲದ ಕಲೆ, ತೂತು. ಮಗ ಸೊರಗಿದ ಸುದ್ದಿ ತಿಳಿದ ತಂದೆ ಊರಿಗೆ ಕರೆಸಿಕೊಂಡರು. ಅಲ್ಲಿ ಹೊಟ್ಟೆಪಾಡಿಗಾಗಿ ಮನೆಪಾಠ ಹೇಳಲು ಆರಂಭಿಸಿದಾಗ, ತಮ್ಮೊಳಗೊಬ್ಬ ಒಳ್ಳೆಯ ಶಿಕ್ಷಕನಿದ್ದಾನೆಂಬುದು ಅವರಿಗೇ ಅರಿವಾಯಿತು. ಘನಾಕೃತಿಗಳ ಪಾಠವೆಂದರೆ ರಟ್ಟನ್ನು ಕತ್ತರಿಸಿ, ಅಂಟಿಸಿ ಆಕೃತಿಗಳನ್ನೇ ಮಾಡುವುದು. ಅವನ್ನೆಲ್ಲ ದಾರಕ್ಕೆ ಪೋಣಿಸಿ, ದೊಡ್ಡದೊಂದು ಹಾರದಂತೆ ಹಿಡಿದು, ಬೀದಿಯಲ್ಲಿ ಜನ ನೋಡುತ್ತಿದ್ದಂತೆಯೇ ಶಿಷ್ಯನ ಮನೆಗೆ ಹೋಗುವುದು. ಇದು ಅವರ ರೀತಿ.

ಬೋರೊವ್‌ಸ್ಕ್‌ನ ಗಾಳಿಬುಟ್ಟಿ

1879ರಲ್ಲಿ ಹೊರಗಿನ ಅಭ್ಯರ್ಥಿಯಾಗಿ ಶಿಕ್ಷಕರ ಪರೀಕ್ಷೆಗೆ ಕುಳಿತು ತೇರ್ಗಡೆಯಾದ ತ್ಸಿಯೊಲ್ಕೋವ್‌ಸ್ಕಿ, 1880ರಲ್ಲಿ ಬೋರೊವ್‌ಸ್ಕ್ ಎಂಬ ಊರಿನ ಜಿಲ್ಲಾ ಶಾಲೆಗೆ ಅಂಕಗಣಿತ ಮತ್ತು ರೇಖಾಗಣಿತದ ಉಪಾಧ್ಯಾಯರಾಗಿ ನೇಮಕಗೊಂಡರು. ಅದೇ ವರ್ಷ ಪಾದ್ರಿಯೊಬ್ಬರ ಮಗಳಾದ ವರ್ವಾರಾ ಸೊಕೊಲೋವಾ ಅವರನ್ನು ವಿವಾಹವಾದರು. ಹನ್ನೆರಡು ವರ್ಷಗಳ ಕಾಲ ಈ ಊರೇ ಅವರ ಪಾಠಶಾಲೆ, ಪ್ರಯೋಗಶಾಲೆ ಎರಡೂ ಆಯಿತು.

ವ್ಯಾಪಾರಿಗಳೂ ಸಂಪ್ರದಾಯನಿಷ್ಠರೂ ತುಂಬಿದ್ದ ಆ ಊರಿಗೆ ಹೊಸ ಮೇಷ್ಟ್ರು ವಿಚಿತ್ರವಾಗಿ ಕಂಡರು. ಹೆಪ್ಪುಗಟ್ಟಿದ ನದಿಯ ಮೇಲೆ ಗಾಳಿಯ ಬಲದಿಂದ ಜಾರುವ ಸಾಧನಗಳನ್ನು ಮಾಡಿಕೊಂಡು ಅವರು ಸಾಗುತ್ತಿದ್ದರೆ ದಾರಿಹೋಕರ ಕುದುರೆಗಳು ಬೆದರುತ್ತಿದ್ದವು. ಮನೆಗೆ ಬಂದವರ ತಲೆಗೂದಲು ನಿಮಿರಿ ನಿಲ್ಲುವಂತೆ ಮಾಡುವ ವಿದ್ಯುತ್ ಯಂತ್ರವೊಂದು ಅಲ್ಲಿತ್ತು. ದೊಡ್ಡವರು ಹುಬ್ಬು ಗಂಟಿಕ್ಕಿದರು; ಮಕ್ಕಳು ಮಾತ್ರ ಬೆನ್ನುಬಿಡಲಿಲ್ಲ.

ಒಂದು ಬೇಸಿಗೆಯಲ್ಲಿ ಅವರು ಶಿಷ್ಯರಿಗಾಗಿ ಕಾಗದದ ಭಾರಿ ಬಲೂನೊಂದನ್ನು ಅಂಟಿಸಿ ಸಿದ್ಧಪಡಿಸಿದರು. ಒಳಗಿನ ಗಾಳಿಯನ್ನು ಕಾಯಿಸಲು ಮದ್ಯಸಾರ ಸಿಗದ ಕಾರಣ ಬಾಯಿಗೆ ತೆಳುತಂತಿಯ ಬಲೆ ಕಟ್ಟಿ, ಅದರ ಮೇಲೆ ಸೌದೆಯ ಚಕ್ಕೆಗಳನ್ನು ಉರಿಸಿದರು. ಬಿಸಿಗಾಳಿ ತುಂಬಿಕೊಂಡ ಬಲೂನು ದಾರ ಬಿಟ್ಟಷ್ಟೂ ಮೇಲೇರಿತು. ಹೀಗೆ ಹಲವು ಸಲ ನಡೆದ ಆಟ ಒಮ್ಮೆ ಕೈಮೀರಿತು. ಬುಡದಲ್ಲಿ ದಾರ ಸುಟ್ಟುಹೋಗಿ, ಬಲೂನು ಕಿಡಿಗಳನ್ನು ಉದುರಿಸುತ್ತ ಊರಿನ ಮೇಲೆ ತೇಲಿ, ಚಮ್ಮಾರನೊಬ್ಬನ ಮನೆಯ ಮಾಡಿನ ಮೇಲೆ ಇಳಿಯಿತು. ಆತ ಅದನ್ನು ವಶಪಡಿಸಿಕೊಂಡ. ಮರದ ಮನೆಗಳ ಊರಿನಲ್ಲಿ ಇದು ನಗುವ ವಿಷಯವಷ್ಟೇ ಆಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆದರೆ ಬಿಸಿಗಾಳಿ ಹಗುರ, ಹಗುರವಾದದ್ದು ಮೇಲೇರುತ್ತದೆ ಎಂಬ ಪಾಠವನ್ನು ಆ ದಿನ ಬೀದಿಯಲ್ಲಿ ಓಡಿದ ಮಕ್ಕಳಿಗೆ ಎರಡನೆಯ ಬಾರಿ ಹೇಳಬೇಕಾದ ಅಗತ್ಯ ಬಿದ್ದಿರಲಾರದು.

ಬಿಡುವಿನ ವೇಳೆಯಲ್ಲಿ ತ್ಸಿಯೊಲ್ಕೋವ್‌ಸ್ಕಿ ಸಂಶೋಧನೆಗೂ ತೊಡಗಿದರು. ಅನಿಲಗಳ ಕಣಗಳ ಚಲನೆಯನ್ನು ಕುರಿತು ಬರೆದ ಪ್ರಬಂಧವನ್ನು 1881ರಲ್ಲಿ ರಾಜಧಾನಿಯ ಭೌತ ಮತ್ತು ರಸಾಯನ ವಿಜ್ಞಾನಿಗಳ ಸಂಘಕ್ಕೆ ಕಳುಹಿಸಿದಾಗ, ಆ ಸಿದ್ಧಾಂತ ಕಾಲು ಶತಮಾನದ ಹಿಂದೆಯೇ ಪ್ರಕಟವಾಗಿರುವ ಸಂಗತಿ ಅವರಿಗೆ ತಿಳಿಯಿತು. ಪುಸ್ತಕಗಳಿಂದ ದೂರವಿದ್ದು ಒಂಟಿಯಾಗಿ ದುಡಿಯುವವರ ಪಾಡು ಇದು. ಆದರೂ ವಿದ್ವಾಂಸರು ಅವರನ್ನು ತಿರಸ್ಕರಿಸಲಿಲ್ಲ. ಮೆಂಡಲೀವ್ ಅವರಂಥ ಹಿರಿಯರ ಗಮನ ಅವರ ಮೇಲೆ ಬಿತ್ತು. 1883ರಲ್ಲಿ ಬರೆದ ಹಸ್ತಪ್ರತಿಯೊಂದರಲ್ಲಿ, ಗುರುತ್ವದ ಸೆಳೆತವಿಲ್ಲದ ಕಡೆ ವಸ್ತುಗಳೂ ಮನುಷ್ಯರೂ ಹೇಗೆ ವರ್ತಿಸುತ್ತಾರೆ ಎಂಬುದನ್ನು ಚಿತ್ರಸಹಿತವಾಗಿ ವಿವರಿಸಿದರು. ಅಲ್ಲಿ ಸಾಗಬೇಕಾದರೆ ಏನನ್ನಾದರೂ ಹಿಂದಕ್ಕೆ ಎಸೆಯಲೇಬೇಕು ಎಂಬ ವಿಚಾರ ಆ ಹಾಳೆಗಳಲ್ಲಿದೆ. ಅವರಿಗಾಗ ಇಪ್ಪತ್ತೈದರ ಪ್ರಾಯ.

ಇನ್ನೊಂದೆಡೆ ಲೋಹದ ಹೊದಿಕೆಯ ಆಕಾಶನೌಕೆಯ ಯೋಜನೆ ಬೆಳೆಯುತ್ತಿತ್ತು. 1887ರಲ್ಲಿ ಮಾಸ್ಕೋದಲ್ಲಿ ಈ ಕುರಿತು ಉಪನ್ಯಾಸವನ್ನೂ ನೀಡಿ ಬಂದರು. ಅದರ ಬೆನ್ನಲ್ಲೇ ಮನೆಗೆ ಬೆಂಕಿ ಬಿದ್ದು ಪುಸ್ತಕ, ಹಸ್ತಪ್ರತಿ, ಮಾದರಿಗಳೆಲ್ಲ ಬೂದಿಯಾದವು. ಕೆಲಕಾಲ ಹಾಸಿಗೆ ಹಿಡಿದ ಅವರು ಎದ್ದು ಮತ್ತೆ ಕತ್ತರಿ, ಅಂಟು ಹಿಡಿದರು. ಹೊಸ ಕಾಗದದ ಮಾದರಿಯನ್ನು 1890ರಲ್ಲಿ ಮೆಂಡಲೀವ್ ಅವರ ಮೂಲಕ ರಷ್ಯನ್ ತಾಂತ್ರಿಕ ಸಂಘಕ್ಕೆ ತಲುಪಿಸಿದರೂ ಧನಸಹಾಯ ದೊರೆಯಲಿಲ್ಲ.

ಕಲೂಗಾದ ದಿನಗಳು

1892ರಲ್ಲಿ ಕಲೂಗಾ ನಗರಕ್ಕೆ ವರ್ಗವಾಯಿತು. ಉಳಿದ ಬಾಳೆಲ್ಲ ಅವರು ಅಲ್ಲಿಯೇ ಕಳೆದರು. ಮನೆಯ ಮಹಡಿಯ ಕಾರ್ಯಾಗಾರದಲ್ಲಿ ಲೇತ್ ಯಂತ್ರ, ತಗಡು ಕತ್ತರಿಸುವ ಸಾಧನ, ಸಾಲು ಸಾಲು ಮಾದರಿಗಳು. ಕಿವಿಗೆ ಹಿಡಿದುಕೊಳ್ಳುವ ಉದ್ದನೆಯ ತುತ್ತೂರಿಯಂಥ ಶ್ರವಣಕೊಳವೆಗಳನ್ನೂ ಅವರು ತಗಡಿನಿಂದ ತಾವೇ ಮಾಡಿಕೊಳ್ಳುತ್ತಿದ್ದರು. 1897ರಲ್ಲಿ ಗಾಳಿಯ ಹರಿವನ್ನು ಉಂಟುಮಾಡುವ ಯಂತ್ರವೊಂದನ್ನು ಮನೆಯಲ್ಲಿಯೇ ನಿರ್ಮಿಸಿ, ಅದರ ಮುಂದೆ ಕಾಗದ ಮತ್ತು ರಟ್ಟಿನ ಆಕೃತಿಗಳನ್ನಿಟ್ಟು, ಯಾವ ಆಕಾರಕ್ಕೆ ಗಾಳಿ ಎಷ್ಟು ತಡೆಯೊಡ್ಡುತ್ತದೆ ಎಂದು ಅಳೆದರು. ರಷ್ಯಾದ ಮೊದಲ ಗಾಳಿಸುರಂಗಗಳಲ್ಲಿ ಅದೊಂದು. ವಿಜ್ಞಾನ ಅಕಾಡೆಮಿ ಈ ಪ್ರಯೋಗಗಳಿಗೆ ನೀಡಿದ 470 ರೂಬಲ್, ಕ್ರಾಂತಿಗೆ ಮೊದಲು ಅವರು ಕಂಡ ವಿರಳ ಸಹಾಯಗಳಲ್ಲಿ ಒಂದು.

1899ರಿಂದ ಕಲೂಗಾದ ಧರ್ಮಪ್ರಾಂತದ ಬಾಲಕಿಯರ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸತೊಡಗಿದರು. ಗುರುವಿಗೆ ಮಕ್ಕಳ ಪ್ರಶ್ನೆ ಸರಿಯಾಗಿ ಕೇಳಿಸದು. ಆದ್ದರಿಂದ ಮಾತಿಗಿಂತ ಪ್ರಯೋಗಕ್ಕೆ ಪ್ರಾಧಾನ್ಯ. ಶ್ರವಣದ ಕೊರತೆಯನ್ನು ಅವರು ಹೀಗೆ ಬೋಧನೆಯ ಗುಣವನ್ನಾಗಿ ಮಾರ್ಪಡಿಸಿಕೊಂಡರು. ಅಂಕ ಕೊಡುವುದರಲ್ಲಿ ಉದಾರಿ, ಶಿಕ್ಷಿಸುವುದರಲ್ಲಿ ನಿರಾಸಕ್ತರು. ಹೆಣ್ಣುಮಕ್ಕಳಿಗೆ ಉನ್ನತ ವಿಜ್ಞಾನದ ಬಾಗಿಲುಗಳು ಬಹುಪಾಲು ಮುಚ್ಚಿದ್ದ ಕಾಲದಲ್ಲಿ, ಆ ಶಾಲೆಯ ಹುಡುಗಿಯರು ಮುಂದೆ ಲೋಕವಿಖ್ಯಾತರಾಗಲಿದ್ದ ವ್ಯಕ್ತಿಯ ಮೇಜಿನ ಸುತ್ತ ನಿಂತು ಪ್ರಯೋಗಗಳನ್ನು ಕಂಡರು.

ಎಳೆಯರಿಗಾಗಿ ಅವರು ಕಥೆಗಳನ್ನೂ ಬರೆದರು. 1893ರಲ್ಲಿ ಪ್ರಕಟವಾದ 'ಚಂದ್ರನ ಮೇಲೆ' ಎಂಬ ಕಥೆಯಲ್ಲಿ ಚಂದ್ರಲೋಕದಲ್ಲಿ ಎಚ್ಚರಗೊಂಡ ಇಬ್ಬರು ಗೆಳೆಯರು ಭೂಮಿಯ ಆರನೆಯ ಒಂದು ಪಾಲು ಸೆಳೆತದಲ್ಲಿ ನೆಗೆದು, ಭಾರ ಎತ್ತಿ, ಹದಿನಾಲ್ಕು ದಿನಗಳ ಹಗಲನ್ನೂ ಅಷ್ಟೇ ಉದ್ದದ ಇರುಳನ್ನೂ ಅನುಭವಿಸುತ್ತಾರೆ. ಕಥೆಯ ಕಲ್ಪನೆಯ ಹಿಂದೆ ಲೆಕ್ಕದ ಶಿಸ್ತಿದೆ.

ಸೂತ್ರ ಮತ್ತು ರಾಕೆಟ್ಟು

ಅವರ ಹೆಸರನ್ನು ಅಮರಗೊಳಿಸಿದ ಪ್ರಬಂಧ 1903ರಲ್ಲಿ 'ವೈಜ್ಞಾನಿಕ ಸಮೀಕ್ಷೆ' ಎಂಬ ರಷ್ಯನ್ ಪತ್ರಿಕೆಯಲ್ಲಿ ಬೆಳಕು ಕಂಡಿತು. ಪ್ರತಿಕ್ರಿಯೆಯ ಬಲದಿಂದ ಸಾಗುವ ಸಾಧನಗಳ ಮೂಲಕ ಬಾಹ್ಯಾಕಾಶವನ್ನು ಅನ್ವೇಷಿಸುವುದು ಅದರ ವಿಷಯ. ಅದರ ಹೃದಯದಲ್ಲಿರುವ ಸೂತ್ರವನ್ನು ಅವರು 1897ರಲ್ಲಿಯೇ ಸಾಧಿಸಿದ್ದರು.

ಈ ಸೂತ್ರದ ತಿರುಳನ್ನು ಸರಳವಾಗಿ ಹೇಳಲು ಸಾಧ್ಯವಿದೆ. ಊದಿದ ಬಲೂನಿನ ಬಾಯಿಯನ್ನು ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ಹಾರುತ್ತದೆ. ಹೊರಗಿನ ಗಾಳಿಯನ್ನು ಅದು ತಳ್ಳಬೇಕಾಗಿಲ್ಲ. ಆದ್ದರಿಂದ ನಿರ್ವಾತದಲ್ಲಿಯೂ ರಾಕೆಟ್ಟು ಚಲಿಸುತ್ತದೆ. ಅದು ಎಷ್ಟು ವೇಗವನ್ನು ಗಳಿಸಬಲ್ಲದು ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಒಂದು, ಹಿಂದಕ್ಕೆ ಚಿಮ್ಮುವ ಅನಿಲದ ವೇಗ. ಇನ್ನೊಂದು, ಹೊರಡುವಾಗಿನ ಒಟ್ಟು ದ್ರವ್ಯರಾಶಿಗೂ ಇಂಧನ ಮುಗಿದ ಮೇಲೆ ಉಳಿಯುವ ದ್ರವ್ಯರಾಶಿಗೂ ಇರುವ ಪ್ರಮಾಣ. ಭೂಮಿಯ ಸುತ್ತ ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಗಾಳಿಯ ತಡೆ, ಗುರುತ್ವದ ಎಳೆತಗಳ ನಷ್ಟ ಸೇರಿಸಿ 9 ಎಂದಿಟ್ಟುಕೊಳ್ಳೋಣ. ಅನಿಲ ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಚಿಮ್ಮಿದರೆ, ಮೇಲೆ ತಲುಪುವ ಪ್ರತಿಯೊಂದು ಕಿಲೋಗ್ರಾಮಿಗೆ ನೆಲದಲ್ಲಿ ಸುಮಾರು 20 ಕಿಲೋಗ್ರಾಂ ಇರಬೇಕಾಗುತ್ತದೆ. ಅನಿಲದ ವೇಗ 4.5 ಕಿಲೋಮೀಟರಾದರೆ ಸುಮಾರು 7.5 ಕಿಲೋಗ್ರಾಂ ಸಾಕು. ಹೀಗಾಗಿ ತ್ಸಿಯೊಲ್ಕೋವ್‌ಸ್ಕಿ ಸಿಡಿಮದ್ದನ್ನು ಬಿಟ್ಟು ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳನ್ನು ಸೂಚಿಸಿದರು. ವಿಮಾನವೇ ಇನ್ನೂ ಹಾರದಿದ್ದ ದಿನಗಳ ಮಾತಿದು. ರೈಟ್ ಸಹೋದರರು ಹಾರಿದ್ದು ಅದೇ 1903ರ ಡಿಸೆಂಬರ್‌ನಲ್ಲಿ.

ಮೂರನೆಯ ಪ್ರಶ್ನೆಗೂ ಉತ್ತರ ಇದೇ ಸೂತ್ರದಲ್ಲಿದೆ. ಬರಿದಾದ ತೊಟ್ಟಿಯನ್ನು ಹೊತ್ತೊಯ್ಯುವುದು ವ್ಯರ್ಥಭಾರ. ಅದನ್ನು ಕಳಚಿ ಎಸೆದರೆ ಉಳಿದ ಭಾಗ ಹೊಸದೊಂದು ಹಗುರ ರಾಕೆಟ್ಟಿನಂತೆ ಮುಂದುವರಿಯುತ್ತದೆ. ಹಂತ ಹಂತವಾದ ಈ ವ್ಯವಸ್ಥೆಯನ್ನು ಅವರು 1929ರ ಪುಸ್ತಕವೊಂದರಲ್ಲಿ ರಾಕೆಟ್ಟುಗಳ ರೈಲು ಎಂಬ ಹೆಸರಿನಿಂದ ಲೆಕ್ಕಸಹಿತ ವಿವರಿಸಿದರು.

ಇಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಎಳೆಯೊಂದನ್ನು ಸ್ಮರಿಸುವುದು ಉಚಿತ. ರಾಕೆಟ್ಟಿನ ಚಲನೆಯ ಗಣಿತವನ್ನು ಅವರಿಗಿಂತ ಮೊದಲೇ, 1813ರ ಗ್ರಂಥವೊಂದರಲ್ಲಿ, ಇಂಗ್ಲೆಂಡಿನ ವೂಲ್ವಿಚ್ ಸೈನಿಕ ಅಕಾಡೆಮಿಯ ವಿಲಿಯಂ ಮೂರ್ ಚರ್ಚಿಸಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ರಾಕೆಟ್ಟುಗಳ ಬಗೆಗೆ ಆಸಕ್ತಿ ಕೆರಳಿಸಿದ್ದು ವಿಲಿಯಂ ಕಾಂಗ್ರೀವ್ ಅವರ ಪ್ರಯೋಗಗಳು. ಅವಕ್ಕೆ ಪ್ರೇರಣೆ ಮೈಸೂರಿನ ಸೇನೆ ಬಳಸಿದ, 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಆಂಗ್ಲರ ಕೈಸೇರಿದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು. ಆದರೆ ಮೂರ್ ಅವರ ಲಕ್ಷ್ಯ ಯುದ್ಧಭೂಮಿಯನ್ನು ದಾಟಲಿಲ್ಲ. ಆ ಗಣಿತವನ್ನು ಗ್ರಹಯಾನಕ್ಕೆ ಅನ್ವಯಿಸಿದ ಕೀರ್ತಿ ಕಲೂಗಾದ ಉಪಾಧ್ಯಾಯರದು.

ನೋವಿನ ನಡುವೆ

1903ರ ಪ್ರಬಂಧ ಯಾವ ಸದ್ದನ್ನೂ ಮಾಡಲಿಲ್ಲ. ಪತ್ರಿಕೆಯ ಸಂಪಾದಕರಾದ ಫಿಲಿಪ್ಪೊವ್ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು. ಎರಡನೆಯ ಭಾಗ ಬೇರೊಂದು ಪತ್ರಿಕೆಯಲ್ಲಿ ಹೊರಬರಲು 1911ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲು, 1902ರಲ್ಲಿ, ಮಾಸ್ಕೋದಲ್ಲಿ ಓದುತ್ತಿದ್ದ ಹಿರಿಯ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡಿದ್ದ. 1908ರಲ್ಲಿ ಓಕಾ ನದಿಯ ಪ್ರವಾಹ ಮನೆಗೆ ನುಗ್ಗಿತು. ಏಳು ಮಕ್ಕಳಲ್ಲಿ ಐವರನ್ನು ಆ ದಂಪತಿಗಳು ಕಣ್ಣೆದುರೇ ಕಳೆದುಕೊಂಡರು. ಸಂಬಳದ ಸ್ವಲ್ಪ ಭಾಗ ಯಾವಾಗಲೂ ಮಾದರಿಗಳಿಗೂ ಸ್ವಂತ ಖರ್ಚಿನ ಕಿರುಹೊತ್ತಿಗೆಗಳಿಗೂ ಹೋಗುತ್ತಿತ್ತು. ಆ ಕೊರತೆಯನ್ನು ಮನೆಯೊಳಗೆ ತುಂಬಿಕೊಂಡು ಸಂಸಾರ ತೂಗಿಸಿದವರು ವರ್ವಾರಾ. ವಿಜ್ಞಾನದ ಚರಿತ್ರೆ ಇಂಥ ಗೃಹಿಣಿಯರ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ. ಆ ಸಾಲಿಗಿಂತ ಆಕೆಯ ಪಾಲು ದೊಡ್ಡದೆಂದು ನಾವು ಭಾವಿಸುತ್ತೇವೆ.

ಕ್ರಾಂತಿಯ ನಂತರವೂ ಹಾದಿ ಹೂವಿನದಾಗಿರಲಿಲ್ಲ. 1919ರಲ್ಲಿ ಹೊಸ ಸರಕಾರದ ರಹಸ್ಯ ಪೊಲೀಸರು ಅರುವತ್ತೆರಡರ ಈ ವೃದ್ಧರನ್ನು ಬಂಧಿಸಿ ಮಾಸ್ಕೋದ ಲುಬ್ಯಾಂಕಾದಲ್ಲಿ ಕೆಲವು ವಾರ ಇರಿಸಿದ್ದರು. ಎರಡೇ ವರ್ಷಗಳಲ್ಲಿ, 1921ರಲ್ಲಿ, ಅದೇ ಸರಕಾರ ಜೀವಾವಧಿ ನಿವೃತ್ತಿವೇತನವನ್ನು ಮಂಜೂರು ಮಾಡಿತು. ಸುಮಾರು ನಾಲ್ಕು ದಶಕಗಳ ಅಧ್ಯಾಪನದ ನಂತರ ಅವರು ಪೂರ್ಣಾವಧಿಯಾಗಿ ಬರೆಯಲು ಕುಳಿತರು. ಜರ್ಮನಿಯಲ್ಲಿ ಹೆರ್ಮನ್ ಓಬರ್ಟ್ ಅವರ ಪುಸ್ತಕ 1923ರಲ್ಲಿ ಹೊರಬಂದ ಮೇಲೆ, ರಷ್ಯಾದವರಿಗೆ ತಮ್ಮದೇ ಊರಿನ ಮೇಷ್ಟ್ರ ನೆನಪಾಯಿತು. ಯಾಕೋವ್ ಪೆರೆಲ್ಮನ್ ಅವರಂಥ ಜನಪ್ರಿಯ ವಿಜ್ಞಾನ ಲೇಖಕರು 1915ರಿಂದಲೇ ಈ ವಿಚಾರಗಳನ್ನು ಎಳೆಯರಿಗೆ ಮುಟ್ಟಿಸುತ್ತ ಬಂದಿದ್ದರು.

ಒಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕು. ತ್ಸಿಯೊಲ್ಕೋವ್‌ಸ್ಕಿ ತಮ್ಮ ಬಾಳಿನಲ್ಲಿ ಬಾಹ್ಯಾಕಾಶದ ರಾಕೆಟ್ಟನ್ನು ಕಟ್ಟಿ ಹಾರಿಸಿದವರಲ್ಲ. ಮೊದಲ ದ್ರವ ಇಂಧನದ ರಾಕೆಟ್ಟನ್ನು ಹಾರಿಸಿದವರು ಅಮೆರಿಕದ ರಾಬರ್ಟ್ ಗೊಡಾರ್ಡ್, 1926ರ ಮಾರ್ಚ್ 16ರಂದು. ತ್ಸಿಯೊಲ್ಕೋವ್‌ಸ್ಕಿ ಜೀವಮಾನವಿಡೀ ಹಂಬಲಿಸಿದ ಲೋಹದ ಆಕಾಶನೌಕೆಯೂ ಪೂರ್ಣಪ್ರಮಾಣದಲ್ಲಿ ಸಿದ್ಧವಾಗಲಿಲ್ಲ. ಮನುಕುಲವನ್ನು ಆಯ್ದು ಉತ್ತಮಗೊಳಿಸುವ ಬಗ್ಗೆ ಅವರು ಬರೆದ ಕೆಲವು ತಾತ್ತ್ವಿಕ ಬರಹಗಳನ್ನು ಇಂದು ಒಪ್ಪುವುದು ಸಾಧ್ಯವಿಲ್ಲ. ಸೋವಿಯತ್ ಕಾಲದ ಪ್ರಚಾರ ಅವರನ್ನು ಲೋಪವೇ ಇಲ್ಲದ ಋಷಿಯಂತೆ ಚಿತ್ರಿಸಿತು. ಆ ಚಿತ್ರಕ್ಕಿಂತ ನಿಜವಾದ ಮನುಷ್ಯರೇ ನಮಗೆ ಹತ್ತಿರದವರು.

ಶಿಷ್ಯಪರಂಪರೆ

ಅವರ ನಿಜವಾದ ಗಳಿಕೆ ಶಿಷ್ಯರು. ಒಡೆಸ್ಸಾ ನಗರದ ಹದಿನೈದರ ಶಾಲಾಬಾಲಕನೊಬ್ಬ 1923ರಲ್ಲಿ ಪುಸ್ತಕಗಳನ್ನು ಕೇಳಿ ಕಲೂಗಾಕ್ಕೆ ಪತ್ರ ಬರೆದ. ಹಿರಿಯರು ಉತ್ತರ ಬರೆದರು. ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. ಆ ಬಾಲಕ ವಾಲೆಂತಿನ್ ಗ್ಲುಷ್ಕೊ. ಗಗಾರಿನ್ ಅವರನ್ನು 1961ರ ಏಪ್ರಿಲ್ 12ರಂದು ಕಕ್ಷೆಗೆ ಕೊಂಡೊಯ್ದ ರಾಕೆಟ್ಟಿನ ಮೊದಲ ಹಂತದ ಎಂಜಿನುಗಳನ್ನು ರೂಪಿಸಿದ್ದು ಇವರ ನೇತೃತ್ವದ ಸಂಸ್ಥೆ. ಹುಡುಗನೊಬ್ಬನ ಕಾಗದಕ್ಕೆ ಸಕಾಲದಲ್ಲಿ ಬರೆದ ಉತ್ತರದ ಬೆಲೆ ಎಷ್ಟೆಂದು ಯಾರು ಲೆಕ್ಕ ಹಾಕಬಲ್ಲರು!

ಬದುಕಿನ ಕೊನೆಯ ವರ್ಷಗಳಲ್ಲಿ ಗ್ರಹಯಾನದ ಕುರಿತ ಚಲನಚಿತ್ರವೊಂದಕ್ಕೆ ಅವರು ಸಲಹೆಗಾರರಾದರು. ಭಾರರಹಿತ ಸ್ಥಿತಿಯಲ್ಲಿ ಜನ ಹೇಗೆ ತೇಲುತ್ತಾರೆ, ನೌಕೆಯಿಂದ ಹೊರಗೆ ಬರಲು ಎರಡು ಬಾಗಿಲುಗಳ ಕೋಣೆ ಹೇಗಿರಬೇಕು ಎಂಬುದನ್ನೆಲ್ಲ 1933ರಲ್ಲಿ ಪೆನ್ಸಿಲಿನಿಂದ ಚಿತ್ರಿಸಿಕೊಟ್ಟರು. ಚಿತ್ರ ತೆರೆ ಕಂಡದ್ದು 1936ರಲ್ಲಿ, ನೋಡಲು ಅವರಿರಲಿಲ್ಲ. 1935ರ ಸೆಪ್ಟೆಂಬರ್ 19ರಂದು, ಎಪ್ಪತ್ತೆಂಟು ತುಂಬಿದ ಎರಡೇ ದಿನಗಳಲ್ಲಿ, ಜಠರದ ಕ್ಯಾನ್ಸರಿನಿಂದ ಅವರು ಕಲೂಗಾದಲ್ಲಿ ನಿಧನರಾದರು. ಮರುವರ್ಷವೇ ಅವರ ಮನೆ ವಸ್ತುಸಂಗ್ರಹಾಲಯವಾಯಿತು.

1957ರ ಅಕ್ಟೋಬರ್ 4ರಂದು, ಅವರ ಜನ್ಮಶತಮಾನೋತ್ಸವದ ವರ್ಷದಲ್ಲಿಯೇ, ಮೊದಲ ಕೃತಕ ಉಪಗ್ರಹ ಭೂಮಿಯನ್ನು ಸುತ್ತಿತು. 1959ರಲ್ಲಿ ಚಂದ್ರನ ಮರೆಭಾಗದ ಮೊದಲ ಚಿತ್ರಗಳು ದೊರೆತಾಗ, ಅಲ್ಲಿ ಕಂಡ ದೊಡ್ಡ ಕುಳಿಯೊಂದಕ್ಕೆ ಅವರ ಹೆಸರಿಡಲಾಯಿತು. 1961ರಲ್ಲಿ ಗಗಾರಿನ್ ಶಿಲಾನ್ಯಾಸ ಮಾಡಿದ ಬಾಹ್ಯಾಕಾಶ ವಸ್ತುಸಂಗ್ರಹಾಲಯ 1967ರಲ್ಲಿ ಕಲೂಗಾದಲ್ಲಿ ತೆರೆಯಿತು.

ನಮ್ಮ ನಾಡಿಗೂ ಈ ಪರಂಪರೆ ಹರಿದು ಬಂದಿದೆ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನಾಯಕತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ 'ಆರ್ಯಭಟ' ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿಯೇ ಕಕ್ಷೆ ಸೇರಿತು. 1903ರಲ್ಲಿ ಕಲೂಗಾದ ಮೇಷ್ಟ್ರು ಸೂಚಿಸಿದ ದ್ರವ ಜಲಜನಕ ಮತ್ತು ಆಮ್ಲಜನಕಗಳ ಎಂಜಿನನ್ನು ಸ್ವಂತವಾಗಿ ಸಾಧಿಸಲು ಭಾರತಕ್ಕೆ ದೀರ್ಘಕಾಲ ಹಿಡಿಯಿತು. 2001ರಲ್ಲಿ ನಮ್ಮ ಜಿ.ಎಸ್.ಎಲ್.ವಿ. ಮೊದಲು ಹಾರಿದ್ದು ರಷ್ಯಾದಿಂದ ಬಂದ ಅಂಥ ಹಂತದೊಡನೆ. 2014ರ ಜನವರಿಯಲ್ಲಿ ನಮ್ಮದೇ ಎಂಜಿನ್ ಯಶಸ್ವಿಯಾಯಿತು. 2023ರಲ್ಲಿ ಚಂದ್ರಯಾನ-3ನ್ನು ಹೊತ್ತ ವಾಹನದ ಕೊನೆಯ ಹಂತದಲ್ಲಿ ಉರಿದದ್ದೂ ಇದೇ ಜೋಡಿ.

ನಾವು ಕಲಿಯಬೇಕಾದದ್ದು

ಹೊರನಾಡಿನ ನಗರಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಪುಸ್ತಕಗಳ ಕೊರತೆಯಿಲ್ಲ, ಕೋಚಿಂಗ್ ತರಗತಿಗಳ ಕೊರತೆಯಂತೂ ಇಲ್ಲವೇ ಇಲ್ಲ. ರಾಕೆಟ್ಟಿನ ಸೂತ್ರವನ್ನು ಬಾಯಿಪಾಠ ಒಪ್ಪಿಸುವ ಹುಡುಗ, ಬಲೂನಿಗೊಂದು ಹೀರುಗೊಳವೆ ಅಂಟಿಸಿ ದಾರದ ಮೇಲೆ ಓಡಿಸಿ ನೋಡಿರುವುದಿಲ್ಲ. ಅಂಕಪಟ್ಟಿ ತುಂಬುತ್ತದೆ, ಬೆರಗು ಬರಿದಾಗುತ್ತದೆ. ಈ ನಷ್ಟ ಪರೀಕ್ಷೆಯಲ್ಲಿ ಕಾಣುವಂಥದಲ್ಲ, ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಖಾಲಿ ನೀರಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ನೀರು ತುಂಬಿ, ಬಿರಡೆಯ ಮೂಲಕ ಸೈಕಲ್ ಪಂಪಿನಿಂದ ಗಾಳಿ ಹಾಕಿದರೆ, ಬಿರಡೆ ಕಳಚಿದೊಡನೆ ಅದು ಹಲವು ಮಾಳಿಗೆಗಳ ಎತ್ತರಕ್ಕೆ ಚಿಮ್ಮುತ್ತದೆ. ನೀರಿಲ್ಲದೆ ಬರಿಯ ಗಾಳಿಯಿಂದ ಹಾರಿಸಿದರೆ ಅಷ್ಟು ಎತ್ತರ ಹೋಗದು. ಏಕೆ? ಗಾಳಿಗಿಂತ ಭಾರವಾದ ನೀರು ಹಿಂದಕ್ಕೆ ಚಿಮ್ಮುವುದರಿಂದ ದೊರೆಯುವ ತಳ್ಳು ಹೆಚ್ಚು. ನೀರನ್ನು ತೀರಾ ಹೆಚ್ಚು ತುಂಬಿದರೂ ಎತ್ತರ ತಗ್ಗುತ್ತದೆ. ಭಾರ ಹೆಚ್ಚಿ, ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಮಕ್ಕಳು ನೀರಿನ ಪ್ರಮಾಣ ಬದಲಿಸಿ, ಎತ್ತರವನ್ನು ಕೋನಮಾಪಕದಿಂದ ಅಳೆದು ಬರೆದಿಟ್ಟರೆ, ವ್ಯಾತ್ಕಾದ ಆ ಬಾಲ್ಯದ ಪ್ರಯೋಗವನ್ನೇ ಅವರು ಮರುಜೀವಗೊಳಿಸಿದಂತೆ. ಬಯಲು ಜಾಗ, ದೂರದಲ್ಲಿ ನಿಲ್ಲುವ ಶಿಸ್ತು, ಹಿರಿಯರೊಬ್ಬರ ಉಸ್ತುವಾರಿ ಮಾತ್ರ ಕಡ್ಡಾಯ. ಬೋರೊವ್‌ಸ್ಕ್‌ನ ಬಲೂನು ನಮಗೆ ಆ ಎಚ್ಚರಿಕೆಯನ್ನೂ ಕಲಿಸಿದೆ.

ನಮ್ಮ ಕನ್ನಡ ಸಂಘಗಳ ಬೇಸಿಗೆ ಶಿಬಿರಗಳಲ್ಲಿ ಭಾವಗೀತೆ, ಭರತನಾಟ್ಯ, ಯಕ್ಷಗಾನಗಳ ಜೊತೆಗೆ ಇಂಥ ಒಂದು ಸಂಜೆಗೂ ಸ್ಥಳವಿರಲಿ ಎಂಬುದು ನಮ್ಮ ವಿನಂತಿ. ಒತ್ತಡ, ವೇಗ, ದ್ರವ್ಯರಾಶಿ, ಕಕ್ಷೆ ಎಂಬ ಮಾತುಗಳು ನಗರದ ಮಕ್ಕಳ ಕಿವಿಗೆ ಕನ್ನಡದಲ್ಲಿ ಬೀಳುವ ಸಂದರ್ಭಗಳು ಈಗ ವಿರಳವಾಗಿವೆ. ಕೈ ಕೆಲಸ ಮಾಡುತ್ತಿರುವಾಗ ಕೇಳಿದ ಮಾತು ಬೇಗ ಮರೆಯುವುದಿಲ್ಲ. ನಿವೃತ್ತ ಶಿಕ್ಷಕರು, ಎಂಜಿನಿಯರುಗಳು ನಮ್ಮ ಸದಸ್ಯರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೇಕಾಗಿರುವುದು ಒಂದಿಷ್ಟು ಬಿಡುವು, ಒಂದಿಷ್ಟು ಹಳೆಯ ಬಾಟಲಿಗಳು. ಕಿವಿ ಕೇಳಿಸದ ಬಡ ಮೇಷ್ಟ್ರೊಬ್ಬರು ಕತ್ತರಿ, ಅಂಟುಗಳನ್ನು ಹಿಡಿದು ನಾಲ್ಕು ದಶಕ ತರಗತಿಯಲ್ಲಿ ನಿಂತರು. ಅವರ ಸ್ಮರಣೆಗೆ ಇದಕ್ಕಿಂತ ಉಚಿತವಾದ ಕಾಣಿಕೆ ಇರಲಾರದು.